ಶಾಲೆ ಬಿಟ್ಟ ಮೇಲಿನ ಏಟು

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂ ಇಪ್ಪತ್ತರವರೆಗೆ ನಮ್ಮ ಶಾಲೆಯ ಮಗುವಿನ ಮೇಲೆ ಯಾರೂ ಕೈ ಮಾಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹೊಡೆಯುವುದಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದೂ ತಪ್ಪು. ಅದೇ ಮಗು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಗೇಟ್ ದಾಟಿ ಮನೆ ಸೇರಿತು ಅಂದರೆ ಲೆಕ್ಕವೇ ಬೇರೆ. ನಾನು ಕೊಟ್ಟರೆ ಕೆಲಸ ಹೋಗಬಹುದಾದ ಏಟನ್ನು ಅಪ್ಪ ಕೊಟ್ಟರೆ ಯಾರೂ ಕೇಳುವುದಿಲ್ಲ.

ಕಾನೂನಿನಲ್ಲೇ ಇದಕ್ಕೆ ಜಾಗ ಇದೆ. ಹಳೆಯ ಐಪಿಸಿಯಲ್ಲಿ, ಅಂದರೆ ಭಾರತೀಯ ದಂಡ ಸಂಹಿತೆಯಲ್ಲಿ, 89ನೇ ಸೆಕ್ಷನ್ ಅಂತ ಒಂದಿತ್ತು, 1860ರದ್ದು. ಹನ್ನೆರಡು ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕಾಗಿ ಪೋಷಕರು ಸದುದ್ದೇಶದಿಂದ ಏನಾದರೂ ಮಾಡಿ, ಅದರಿಂದ ಮಗುವಿಗೆ ನೋವಾದರೆ ಅದು ಅಪರಾಧ ಅಲ್ಲ ಅಂತ ಅದು ಹೇಳುತ್ತಿತ್ತು. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಈ ಮಾತು ಮಾತ್ರ ಹೋಗಲಿಲ್ಲ, 27ನೇ ಸೆಕ್ಷನ್ ಆಗಿ ಉಳಿಯಿತು. ಮೂಳೆ ಮುರಿಯುವಂಥ ದೊಡ್ಡ ಗಾಯಕ್ಕೆ ಈ ರಕ್ಷಣೆ ಇಲ್ಲ, ನಿಜ. ಮಗುವನ್ನು ಕ್ರೂರವಾಗಿ ನಡೆಸಿಕೊಂಡರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು ಇದೆ. ಆದರೆ ನಾನು ಮಾತಾಡುತ್ತಿರುವುದು ಪೇಪರ್‌ನಲ್ಲಿ ಬರುವ ಕ್ರೌರ್ಯದ ಬಗ್ಗೆ ಅಲ್ಲ. ದಿನ ಬೆಳಗಾದರೆ ಬೀಳುವ, ಎಲ್ಲರ ಮನೆಯಲ್ಲೂ ನಡೆಯುವ, ಪಕ್ಕದ ಮನೆಯವರು ಕಿವಿಗೆ ಬಿದ್ದರೂ ಟಿವಿ ನೋಡುತ್ತಾ ಕೂರುವಂಥ ಏಟಿನ ಬಗ್ಗೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯೊಳಗೂ ಮಗುವನ್ನು ಹೊಡೆಯಬಾರದು ಅಂತ ಕಾನೂನು ಹೇಳಬೇಕು. ಅಪ್ಪ ಅಮ್ಮನನ್ನು ಜೈಲಿಗೆ ಕಳಿಸುವುದಕ್ಕಲ್ಲ. ಹೊಡೆಯುವುದು ಹೆತ್ತವರ ಹಕ್ಕು ಅನ್ನುವ ಮಾತನ್ನು ಕಾನೂನೇ ಕಾಪಾಡಿಕೊಂಡು ಬರುತ್ತಿದೆಯಲ್ಲ, ಅದನ್ನು ತೆಗೆದುಹಾಕುವುದಕ್ಕೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೇಡಂ. ಕೆಲಸಕ್ಕೆ ಸೇರಿದ್ದು 2012ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿತ್ತು, ಆದರೂ ಸ್ಟಾಫ್ ರೂಮಿನ ಬೀರುವಿನ ಮೇಲೆ ಕೋಲು ಇತ್ತು. ಕಾನೂನು ಬಂದಿದೆ ಅಂತ ಎಲ್ಲರಿಗೂ ಗೊತ್ತು. ಯಾರೂ ಅದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಹಿರಿಯ ಮೇಷ್ಟ್ರೊಬ್ಬರು, ಒಳ್ಳೆಯ ಗಣಿತದ ಮೇಷ್ಟ್ರು, ನನಗೆ ಹೇಳಿದ್ದು ಈಗಲೂ ನೆನಪಿದೆ. "ಭಯ ಇಲ್ಲದೆ ವಿದ್ಯೆ ಬರಲ್ಲಮ್ಮ. ನೀನು ಹೊಸಬಳು, ಇನ್ನೊಂದೆರಡು ವರ್ಷ ಹೋಗಲಿ, ನಿಂಗೇ ಗೊತ್ತಾಗುತ್ತೆ." ಅವರು ಕೆಟ್ಟವರಲ್ಲ. ತಾವು ಕಲಿತದ್ದು ಹಾಗೆ, ಕಲಿಸಿದ್ದೂ ಹಾಗೆ. ಛಡಿ ಏಟು ಚಂ ಚಂ, ವಿದ್ಯೆ ಘಂ ಘಂ ಅಂತ ಬೆಳೆದವರು.

ಆಮೇಲೆ ಆ ಕೋಲು ಹೇಗೆ ಹೋಯಿತು? ಯಾರಿಗೂ ಶಿಕ್ಷೆ ಆಗಿ ಅಲ್ಲ. ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ 1098 ನಂಬರ್ ಬರೆಸಿದರು. ತರಬೇತಿಗೆ ಹೋದಾಗಲೆಲ್ಲ ಒಂದು ತಾಸು ಇದರ ಬಗ್ಗೆ ಮಾತಾಡಿದರು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಾಗ ಕೋಲು ಕಂಡರೆ "ಇದೇನು ಸಾರ್" ಅಂತ ಕೇಳತೊಡಗಿದರು. ಹಿರಿಯರು ಮೊದಲು ಕೋಲನ್ನು ಬೀರುವಿನ ಒಳಗೆ ಇಟ್ಟರು. ಆಮೇಲೆ ಒಬ್ಬೊಬ್ಬರೇ ನಿವೃತ್ತಿ ಆದರು. ಅವರ ಜಾಗಕ್ಕೆ ಬಂದ ಹುಡುಗ ಹುಡುಗಿಯರಿಗೆ ಕೋಲು ಹಿಡಿಯುವ ಅಭ್ಯಾಸವೇ ಆಗಲಿಲ್ಲ. ಈಗ ನಮ್ಮ ಶಾಲೆಯಲ್ಲಿ ಯಾರಾದರೂ ಮಗುವಿಗೆ ಹೊಡೆದರೆ ಉಳಿದ ಮಕ್ಕಳೇ ಬೆರಗಾಗಿ ನೋಡುತ್ತಾರೆ. ಇದು ಎಲ್ಲಾ ಶಾಲೆಗಳ ಕತೆ ಅಂತ ನಾನು ಹೇಳುತ್ತಿಲ್ಲ. ಕೆಲವು ಖಾಸಗಿ ಶಾಲೆಗಳಲ್ಲಿ ಇವತ್ತಿಗೂ ಬೆರಳಿನ ಗೆಣ್ಣಿಗೆ ಸ್ಕೇಲ್ ಬೀಳುತ್ತದೆ. ಆದರೆ ಕಾನೂನು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದು ಇಲ್ಲೇ. ರೂಢಿ ಆದವರನ್ನು ಅದು ಅಷ್ಟಾಗಿ ಬದಲಿಸುವುದಿಲ್ಲ. ಹೊಸದಾಗಿ ಶುರು ಮಾಡುವವರು ಬೇರೆ ಥರ ಶುರು ಮಾಡುತ್ತಾರೆ.

ತಮಾಷೆಯ ಮಾತಲ್ಲ, ಈ ಬದಲಾವಣೆಗೆ ಹೆಚ್ಚು ಅಡ್ಡ ಬಂದವರು ಪೋಷಕರೇ. "ನಾಲ್ಕು ಬಾರಿಸಿ ಮೇಡಂ, ನಾವೇನೂ ಕೇಳಲ್ಲ. ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ" ಅಂತ ಪೋಷಕರೇ ಇರುವ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೇ ಹೇಳುತ್ತಾರೆ. ಪ್ರೀತಿ ಇಲ್ಲದೆ ಹೇಳುವ ಮಾತಲ್ಲ ಅದು. ತಾವು ಓದಲಿಲ್ಲ, ಮಗ ಆದರೂ ಓದಲಿ ಅನ್ನುವ ಹಸಿವು. ನಾನು ಆಗಲ್ಲ ಅಂದೆ, ಕಾನೂನು ಇದೆ ಅಂದೆ. ಅವತ್ತು ಒಬ್ಬ ತಾಯಿ ಕೇಳಿದರು: "ನಿಮಗೆ ಹೊಡೀಬೇಡಿ ಅಂತ ಸರ್ಕಾರ ಹೇಳ್ತು. ನಾಳೆ ನಮಗೂ ಹೇಳುತ್ತಾ? ನಾವು ಹೆತ್ತಿದೀವಿ ಮೇಡಂ." ಸಭೆಯಲ್ಲಿ ಇದ್ದ ಎಲ್ಲರೂ ತಲೆ ಆಡಿಸಿದರು.

ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಮ್ಮ ಕಡೆಯ ಮನೆಗಳ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನೋಡಬೇಕು.

ಇದು ರೇಷ್ಮೆಯ ಸೀಮೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ವರ್ಷವಿಡೀ ಹರಿಯುವ ಹೊಳೆ ಇಲ್ಲ, ಕಾಲುವೆ ಇಲ್ಲ. ಸಾವಿರ ಅಡಿಗೂ ಕೆಳಗೆ ಕೊರೆಸಿದ ಬೋರ್‌ವೆಲ್‌ನಲ್ಲಿ ಬಂದಷ್ಟು ನೀರು. ಆ ನೀರಿನಲ್ಲಿ ಹಿಪ್ಪುನೇರಳೆ, ಎರಡು ಹಸು. ಚಾಕಿ ಹುಳು, ಅಂದರೆ ರೇಷ್ಮೆಯ ಮರಿ ಹುಳು, ತಂದ ದಿನದಿಂದ ಗೂಡು ಬಿಡಿಸುವವರೆಗೆ ಮನೆಯ ಲೆಕ್ಕವೆಲ್ಲ ಹುಳುವಿನ ಮೇಲೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಇನ್ನು ಏಳೆಂಟು ದಿನ. ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹುಳು ತಿನ್ನುವುದು ಆ ಏಳೆಂಟು ದಿನಗಳಲ್ಲೇ. ಬೆಳಗಿನ ಜಾವ ಸೊಪ್ಪು, ಮಧ್ಯಾಹ್ನ ಸೊಪ್ಪು, ರಾತ್ರಿ ಸೊಪ್ಪು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹೆಕ್ಕಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು, ತಡ ಆದರೆ ಗೂಡು ಕೆಡುತ್ತದೆ. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ. ಹಾಲು ರೋಗ ಬಂತೋ, ಸುಣ್ಣಕಟ್ಟು ಬಂತೋ, ಮಾಡಿದ ಸಾಲವೆಲ್ಲ ಹಾಗೇ ನಿಂತುಬಿಡುತ್ತದೆ. ಎಲ್ಲ ಸರಿಹೋಗಿ ಮಾರುಕಟ್ಟೆಗೆ ಹೋದರೆ ಅವತ್ತು ಗೂಡಿನ ರೇಟು ಬಿದ್ದಿರಬಹುದು.

ಊಜಿ ನೊಣ ಅಂತ ಒಂದಿದೆ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಹುಳು ಉಳಿಯುವುದಿಲ್ಲ. ಹಾಗಾಗಿ ಹುಳು ಮನೆಗೆ ಬಲೆ ಬಾಗಿಲು. ಆ ಬಾಗಿಲನ್ನು ಯಾರು ತೆರೆದು ಬಿಡುತ್ತಾರೆ? ಎಂಟು ವರ್ಷದ ಹುಡುಗ. ಆಟದ ಗುಂಗಿನಲ್ಲಿ ಓಡಿ ಬಂದು, ನೀರು ಕುಡಿದು, ಅಮ್ಮನಿಗೆ ಏನೋ ಹೇಳಿ ಓಡುತ್ತಾನೆ. ಬಾಗಿಲು ತೆರೆದೇ ಇರುತ್ತದೆ. ಆಮೇಲೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹೊರಗೆ ಬರುತ್ತದೆ. ನಮ್ಮ ಕಡೆ ಕೋಲು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮನೆ ತುಂಬ ಬಿದ್ದಿರುತ್ತದೆ.

ಹಾಜರಿ ಕೂಗುವಾಗಲೇ ಯಾರ ಮನೆಯಲ್ಲಿ ಹುಳು ಹಣ್ಣಿಗೆ ಬಂದಿದೆ ಅಂತ ನನಗೆ ಗೊತ್ತಾಗುತ್ತದೆ. ಮಗು ಬಂದಿರುವುದಿಲ್ಲ, ಇಲ್ಲವೇ ಬಂದು ತೂಕಡಿಸುತ್ತಿರುತ್ತದೆ. ಕಾಲಿನ ಮೇಲೆ ಬಾಸುಂಡೆ ಕಾಣುವುದೂ ಅದೇ ವಾರಗಳಲ್ಲಿ. ಗೂಡಿನ ರೇಟು ಬಿದ್ದಾಗ, ಬೋರ್‌ವೆಲ್ ನಿಂತಾಗ, ಸಂಘದ ಕಂತು ಕಟ್ಟುವ ದಿನ ಹತ್ತಿರ ಬಂದಾಗ ಹೀಗೇ. ಗೂಡಿಗೆ ಒಳ್ಳೆಯ ರೇಟು ಸಿಕ್ಕ ತಿಂಗಳು ಅದೇ ಹುಡುಗ ಅದೇ ಬಾಗಿಲನ್ನು ತೆರೆದು ಬಿಟ್ಟಿರುತ್ತಾನೆ. ಅವತ್ತು "ಥೂ, ಬಾಗಿಲು ಹಾಕೋ" ಅಂತ ಒಂದು ಕೂಗಿಗೆ ಮುಗಿದಿರುತ್ತದೆ.

ಇದನ್ನೇ ನಾನು ಒತ್ತಿ ಹೇಳಬೇಕು ಅಂತಿರುವುದು. ಏಟಿಗೂ ಮಗುವಿನ ತಪ್ಪಿಗೂ ಲೆಕ್ಕ ಕೂಡುವುದಿಲ್ಲ. ಏಟಿಗೂ ದೊಡ್ಡವರ ದಣಿವಿಗೂ ಲೆಕ್ಕ ಕೂಡುತ್ತದೆ. ಮಗುವಿನ ಒಳ್ಳೆಯದಕ್ಕಾಗಿ, ಸದುದ್ದೇಶದಿಂದ ಅಂತ 27ನೇ ಸೆಕ್ಷನ್ ಹೇಳುತ್ತದಲ್ಲ, ಸಾಲದಲ್ಲಿ ಮುಳುಗಿ, ರಾತ್ರಿಯೆಲ್ಲ ಎದ್ದಿದ್ದು, ಕೈಗೆ ಸಿಕ್ಕ ಕಡ್ಡಿಯಲ್ಲಿ ಬಾರಿಸುವ ತಾಯಿಯ ಮನಸ್ಸಿನಲ್ಲಿ ಆ ಹೊತ್ತಿಗೆ ಯಾವ ಉದ್ದೇಶವೂ ಇರುವುದಿಲ್ಲ. ಅವಳನ್ನೇ ಕೇಳಿ, ಹೇಳುತ್ತಾಳೆ. "ಆಮೇಲೆ ನಾನೇ ಎಣ್ಣೆ ಹಚ್ಚಿದೆ ಮೇಡಂ, ಅತ್ತುಬಿಟ್ಟೆ." ಕಾನೂನು ಕಲ್ಪಿಸಿಕೊಂಡಿರುವ, ಅಳೆದು ತೂಗಿ ಬುದ್ಧಿ ಕಲಿಸುವುದಕ್ಕಾಗಿ ಹೊಡೆಯುವ ತಂದೆಯನ್ನು ನಾನು ಇಷ್ಟು ವರ್ಷಗಳಲ್ಲಿ ಹೆಚ್ಚು ಕಂಡಿಲ್ಲ.

ಇದು ಬಡವರ ಮನೆಯ ವಿಷಯ ಅಂತ ಯಾರೂ ಅಂದುಕೊಳ್ಳಬಾರದು. ಚಿಕ್ಕಬಳ್ಳಾಪುರದ ಬಡಾವಣೆಗಳಲ್ಲಿ ಮಾರ್ಕ್ಸ್ ಕಾರ್ಡಿಗೆ ಹೊಡೆಯುತ್ತಾರೆ, ಮೊಬೈಲಿಗೆ ಹೊಡೆಯುತ್ತಾರೆ. ಅಲ್ಲಿ ದಣಿವು ಬೇರೆ ಥರದ್ದು, ಬೆಂಗಳೂರಿಗೆ ದಿನಾ ಹೋಗಿ ಬರುವ ದಣಿವು. ಕಿಟಕಿ ಮುಚ್ಚಿರುತ್ತದೆ, ಅಷ್ಟೇ ವ್ಯತ್ಯಾಸ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಮೂರರಲ್ಲಿ ಎರಡು ಮಕ್ಕಳು ಏಟು ತಿಂದವರು. ಮನೆಯವರಿಂದ ಏಟು ತಿಂದ ಮಕ್ಕಳಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಮಂದಿಗೆ ಹೊಡೆದದ್ದು ಹೆತ್ತವರೇ.

"ನಾವೂ ಏಟು ತಿಂದೇ ಬೆಳೆದವರು, ಏನಾಯ್ತು ನಮಗೆ?" ಅಂತ ಕೇಳುವವರಿಗೆ ನಾನು ಏನು ಹೇಳಲಿ? ಅವರು ಚೆನ್ನಾಗಿ ಬೆಳೆದಿದ್ದಾರೆ, ಒಪ್ಪಿದೆ. ಏಟಿನಿಂದ ಬೆಳೆದರೋ, ಏಟಿನ ಜೊತೆಗೆ ಸಿಕ್ಕ ಅಜ್ಜಿಯ ಮಡಿಲು, ಅಣ್ಣ ಅಕ್ಕಂದಿರ ಆಸರೆ, ಬಿಸಿ ಮುದ್ದೆ ಇವುಗಳಿಂದ ಬೆಳೆದರೋ ಅನ್ನುವುದನ್ನು ಬಿಡಿಸಿ ನೋಡಿದವರು ಯಾರು? ಬಿಡಿಸಿ ನೋಡುವ ಪ್ರಯತ್ನವನ್ನು ಸಂಶೋಧಕರು ಮಾಡಿದ್ದಾರೆ. 2016ರಲ್ಲಿ ಅಮೆರಿಕದ ಟೆಕ್ಸಾಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಇಬ್ಬರು ಅದುವರೆಗಿನ 75 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಒಂದು ಲಕ್ಷದ ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ಇತ್ತು. ಅವರು ನೋಡಿದ್ದು ಬೆಲ್ಟ್ ಏಟನ್ನಲ್ಲ, ಬರಿಗೈಯಲ್ಲಿ ಅಂಡಿಗೋ ಕೈಗೋ ಕೊಡುವ ಏಟನ್ನು. ಅಂಥ ಏಟು ತಿಂದ ಮಕ್ಕಳಲ್ಲಿ ಸಿಟ್ಟು, ಹೊಡೆದಾಟ, ಮನಸ್ಸಿನ ತೊಂದರೆ ಜಾಸ್ತಿಯೇ ಕಂಡಿತು. ಮಾತು ಕೇಳುವುದು ಜಾಸ್ತಿ ಆದದ್ದು ಕಾಣಲಿಲ್ಲ. ಒಂದು ಏಟು ಬಿದ್ದ ಮಗು ಹಾಳಾಗಿಬಿಡುತ್ತದೆ ಅಂತ ಇದರ ಅರ್ಥ ಅಲ್ಲ. ಕೂಡಿಸಿ ನೋಡಿದರೆ ಲಾಭ ಇಲ್ಲ, ನಷ್ಟ ಇದೆ ಅಂತ ಅರ್ಥ.

ನನಗೆ ಅಧ್ಯಯನಗಳಿಗಿಂತ ಹತ್ತಿರದ ಕಾರಣ ಬೇರೆ ಇದೆ. ಏಟು ತಿನ್ನುವ ಮಗು ಮೊದಲು ಕಲಿಯುವುದು ಮುಚ್ಚಿಡುವುದನ್ನು. ಅಪ್ಪನ ಸಹಿಯನ್ನು ತಾನೇ ಹಾಕುತ್ತದೆ. ನೋಟ್‌ಬುಕ್ ಹಾಳೆ ಹರಿದು ಬಚ್ಚಲ ಒಲೆಗೆ ಹಾಕುತ್ತದೆ. ಇವು ಸಣ್ಣವು. ಒಮ್ಮೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಸ್ಸಿನಲ್ಲಿ ಹೋಗುವುದನ್ನು ನಿಲ್ಲಿಸಿ, ಸುತ್ತು ಬಳಸಿ ನಡೆದುಕೊಂಡು ಬರತೊಡಗಿದಳು. ಬಹಳ ದಿನ ಆದ ಮೇಲೆ ಕಾರಣ ಬಾಯಿಬಿಟ್ಟಳು. ಬಸ್ಸಿನಲ್ಲಿ ಒಬ್ಬ ಗಂಡಸು ಅವಳ ಹತ್ತಿರ ಬಂದು ಬಂದು ನಿಲ್ಲುತ್ತಿದ್ದ. ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಂಗೇ ಹೊಡೀತಾರೆ ಮಿಸ್" ಅಂದಳು. ಆ ಮನೆಯವರು ಅವಳಿಗಾಗಿ ಪ್ರಾಣ ಬಿಡುವವರು, ನನಗೆ ಗೊತ್ತು. ಆದರೆ ಅವರ ಕೈ ಅವಳಿಗೆ ಮೊದಲು ನೆನಪಾಗಿದ್ದು ಹೊಡೆಯುವ ಕೈಯಾಗಿ. 2012ರಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂತು, ಠಾಣೆ, ಕೋರ್ಟು ಎಲ್ಲ ಇದೆ. ಮಗು ಮನೆಯಲ್ಲಿ ಬಾಯಿ ಬಿಡದಿದ್ದರೆ ಆ ಕಾಯ್ದೆ ಎಲ್ಲಿಂದ ಶುರುವಾಗಬೇಕು?

ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತದೆ. ಪಂಚಾಯಿತಿಯವರು ಮಕ್ಕಳನ್ನು ಕೂರಿಸಿ ನಿಮಗೇನು ಬೇಕು ಅಂತ ಕೇಳುತ್ತಾರೆ. ಒಳ್ಳೆಯ ಏರ್ಪಾಡು. ಕಾಂಪೌಂಡ್ ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಬೀದಿ ನಾಯಿ ಹಿಡಿಸಿ, ಶಾಲೆ ಹತ್ತಿರದ ಬಾರ್ ತೆಗೆಸಿ, ಹೀಗೆ ಕೇಳುತ್ತವೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಒಂದು ಸಭೆಯಲ್ಲಿ ಆರನೇ ಕ್ಲಾಸಿನ ಹುಡುಗ ಎದ್ದು ನಿಂತ. ಮೈಕ್ ಹಿಡಿದು, "ಮನೇಲಿ ಹೊಡೀಬಾರದು ಅಂತ ನೀವು ಹೇಳ್ತೀರಾ ಸಾರ್?" ಅಂತ ಕೇಳಿದ. ದೊಡ್ಡವರೆಲ್ಲ ನಕ್ಕರು. ಅವನ ಅಪ್ಪನೂ ಅಲ್ಲೇ ಹಿಂದೆ ನಿಂತಿದ್ದ, ಅವನೂ ನಕ್ಕ. "ಅದು ಪಂಚಾಯಿತಿಗೆ ಬರಲ್ಲ ಪುಟ್ಟಾ" ಅಂತ ವೇದಿಕೆಯಿಂದ ಉತ್ತರ ಬಂತು. ಕಾಂಪೌಂಡ್ ವಿಷಯ ಬರೆದುಕೊಂಡರು, ನಾಯಿಯ ವಿಷಯ ಬರೆದುಕೊಂಡರು. ಇದನ್ನು ಬರೆದುಕೊಳ್ಳಲಿಲ್ಲ.

ಪಂಚಾಯಿತಿಗೆ ಬರಲ್ಲ ಅನ್ನುವುದು ಸರಿಯಾದ ಉತ್ತರವೇ. ಆದರೆ ಅದು ಯಾರಿಗೆ ಬರುತ್ತದೆ? ಶಾಲೆಗೆ ಬರಲ್ಲ. ಬಾಸುಂಡೆ ದೊಡ್ಡದಾಗುವವರೆಗೆ ಪೊಲೀಸರಿಗೆ ಬರಲ್ಲ. ಆ ಹುಡುಗ ಕೇಳಿದ್ದು ಅಪ್ಪನಿಗೆ ಶಿಕ್ಷೆ ಕೊಡಿ ಅಂತ ಅಲ್ಲ. ಹೇಳ್ತೀರಾ ಅಂತ ಕೇಳಿದ, ಅಷ್ಟೇ. ನಮ್ಮ ದೇಶ 1992ರ ಡಿಸೆಂಬರ್‌ನಲ್ಲೇ ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿದೆ. ಹೆತ್ತವರ ಬಳಿ ಇರುವಾಗಲೂ ಮಗುವನ್ನು ಎಲ್ಲಾ ಬಗೆಯ ಹಿಂಸೆಯಿಂದ ಕಾಪಾಡಬೇಕು ಅಂತ ಅದರ 19ನೇ ವಿಧಿ ಹೇಳುತ್ತದೆ. ಒಪ್ಪಿಕೊಂಡ ಮಾತನ್ನು ಮಕ್ಕಳಿಗೆ ಹೇಳುವುದಕ್ಕೆ ಇನ್ನೂ ಯಾಕೆ ಹಿಂಜರಿಕೆ?

ಹಿಂಜರಿಕೆಗೆ ಕಾರಣಗಳಿವೆ, ಅವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಾನೂನು ಅಂದ ಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಠಾಣೆ. ಗಂಡ ಹೆಂಡತಿ ಜಗಳದಲ್ಲಿ ಮಗುವಿನ ಏಟನ್ನು ಅಸ್ತ್ರ ಮಾಡಿಕೊಂಡರೆ? ಅಕ್ಕಪಕ್ಕದವರು ಜಮೀನಿನ ದ್ವೇಷಕ್ಕೆ ದೂರು ಕೊಟ್ಟರೆ? ಕೇಸ್ ಆದರೆ ಯಾರ ಮನೆಗೆ ಪೊಲೀಸರು ಮೊದಲು ಬರುತ್ತಾರೆ, ಬಡಾವಣೆಯ ಮನೆಗೋ, ಕಾಲೋನಿಯ ಮನೆಗೋ? ಅಪ್ಪನನ್ನು ಕರೆದೊಯ್ದರೆ ಮಗುವಿನ ಊಟಕ್ಕೆ ಯಾರು? 2012ರಲ್ಲಿ ನಾರ್ವೆಯ ಓಸ್ಲೋದಲ್ಲಿ ಆಂಧ್ರದ ದಂಪತಿಗೆ ಮಗನ ವಿಷಯದಲ್ಲಿ ಜೈಲಾದಾಗ ನಮ್ಮ ಕಡೆ ತೆಲುಗು ಚಾನೆಲ್ ನೋಡುವ ಮನೆಗಳಲ್ಲೆಲ್ಲ ಅದೇ ಮಾತು. ಅದು ಒಂದು ಏಟಿನ ಕೇಸ್ ಆಗಿರಲಿಲ್ಲ, ಪದೇ ಪದೇ ಹಿಂಸೆ ಕೊಟ್ಟ ಆರೋಪ. ಆದರೆ ಜನರ ನೆನಪಿನಲ್ಲಿ ಉಳಿದದ್ದು "ಮಗನಿಗೆ ಗದರಿದ್ದಕ್ಕೆ ಜೈಲು" ಅಂತ. ಆ ಭಯ ನಿಜವಾದದ್ದು. ಬಡವರ ಮಕ್ಕಳನ್ನು ಬಾಲಮಂದಿರಕ್ಕೆ ಸೇರಿಸುವುದೇ ಫಲ ಆಗುವುದಾದರೆ ಅಂಥ ಕಾನೂನು ನನಗೂ ಬೇಡ.

ಆದರೆ ಬೇರೆ ಥರದ ಕಾನೂನು ಇದೆ, ಅದೂ ಹಳೆಯದು. ಸ್ವೀಡನ್ 1979ರಲ್ಲಿ ಜಗತ್ತಿನಲ್ಲೇ ಮೊದಲು ಹೆತ್ತವರ ಏಟನ್ನು ನಿಷೇಧಿಸಿತು. ಆ ನಿಷೇಧವನ್ನು ಬರೆದದ್ದು ಪೋಷಕರ ಕರ್ತವ್ಯಗಳನ್ನು ಹೇಳುವ ಕಾಯ್ದೆಯಲ್ಲಿ. ಅದರಲ್ಲಿ ಶಿಕ್ಷೆಯ ಮಾತೇ ಇಲ್ಲ. ದೊಡ್ಡ ಹಲ್ಲೆಗೆ ಅಪರಾಧದ ಕಾನೂನು ಮೊದಲೇ ಇತ್ತು. ಸರ್ಕಾರ ಹಣ ಖರ್ಚು ಮಾಡಿದ್ದು ಜನರಿಗೆ ಹೇಳುವುದಕ್ಕೆ. ಮಕ್ಕಳಿರುವ ಮನೆಗಳಿಗೆಲ್ಲ ಪುಸ್ತಿಕೆ ಕಳಿಸಿದರು, ವಲಸೆ ಬಂದವರ ಭಾಷೆಗಳಲ್ಲೂ ಅಚ್ಚು ಹಾಕಿಸಿದರು. ಹಾಲಿನ ಪೊಟ್ಟಣದ ಮೇಲೆ ಎರಡು ತಿಂಗಳು ಈ ಸುದ್ದಿ ಅಚ್ಚಾಯಿತು, ಬೆಳಗಿನ ತಿಂಡಿಗೆ ಕೂತ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಓದಲಿ ಅಂತ. ಎರಡು ವರ್ಷದೊಳಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಕಾನೂನು ಗೊತ್ತಾಗಿತ್ತು. ಅಲ್ಲಿ ಏಟು ಒಂದೇ ದಿನಕ್ಕೆ ನಿಲ್ಲಲಿಲ್ಲ. ಆದರೆ ಆ ಪೊಟ್ಟಣ ಓದಿದ ಮಕ್ಕಳು ತಾವೇ ಅಪ್ಪ ಅಮ್ಮ ಆಗುವ ಹೊತ್ತಿಗೆ ಹೊಡೆಯುವುದು ಅಪರೂಪ ಆಗಿತ್ತು. ನಮ್ಮ ಸ್ಟಾಫ್ ರೂಮಿನ ಕೋಲು ಹೋದದ್ದೂ ಹೀಗೇ ಅಲ್ವಾ?

ನ್ಯೂಜಿಲೆಂಡ್‌ನ ಕತೆ ಇನ್ನೂ ಕಷ್ಟದ್ದು. 2007ರಲ್ಲಿ ಕಾನೂನು ತಿದ್ದಿ, ಬುದ್ಧಿ ಕಲಿಸಲು ಹೊಡೆಯುವ ಹೆತ್ತವರಿಗಿದ್ದ ರಕ್ಷಣೆ ತೆಗೆದರು. ಸಣ್ಣ ಪುಟ್ಟ ವಿಷಯ ಆಗಿದ್ದು, ಕೇಸ್ ಹಾಕುವುದರಿಂದ ಸಾರ್ವಜನಿಕರಿಗೆ ಉಪಯೋಗ ಇಲ್ಲದಿದ್ದರೆ ಪೊಲೀಸರು ಬಿಡಬಹುದು ಅಂತಲೂ ಅದರಲ್ಲೇ ಬರೆದರು. ಜನ ಒಪ್ಪಲಿಲ್ಲ. 2009ರ ಜನಮತದಲ್ಲಿ ನೂರಕ್ಕೆ 87 ಮಂದಿ ಬುದ್ಧಿ ಹೇಳುವ ಏಟು ಅಪರಾಧ ಆಗಬಾರದು ಅಂದರು. ಆದರೂ ಸರ್ಕಾರ ಕಾನೂನನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದು ಸರಿಯೋ ತಪ್ಪೋ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ಮತ ಹಾಕಿದವರು ದೊಡ್ಡವರು ಮಾತ್ರ. ಏಟು ತಿನ್ನುವವರಿಗೆ ಮತ ಇರಲಿಲ್ಲ. ಹಾಗಾಗಿ ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಶೀತ ದೇಶಗಳ ಮಾತು ನಮಗ್ಯಾಕೆ ಅನ್ನುವವರಿಗೆ, ನಮ್ಮ ಪಕ್ಕದ ನೇಪಾಳ 2018ರಲ್ಲೇ ಮನೆಯೊಳಗಿನ ಏಟನ್ನೂ ನಿಷೇಧಿಸಿದೆ. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲು. ಮಕ್ಕಳನ್ನು ಕಟ್ಟುನಿಟ್ಟಾಗಿ ಬೆಳೆಸುವ ಜಪಾನ್ 2020ರಲ್ಲಿ, ದಕ್ಷಿಣ ಕೊರಿಯಾ 2021ರಲ್ಲಿ ಈ ದಾರಿಗೆ ಬಂದವು. ಅರವತ್ತಕ್ಕೂ ಹೆಚ್ಚು ದೇಶಗಳಾದವು. ಇಂಗ್ಲೆಂಡ್ ಇನ್ನೂ ಬಂದಿಲ್ಲ. ನಮಗೆ ಆ ಹಳೆಯ ಸೆಕ್ಷನ್ ಬರೆದುಕೊಟ್ಟದ್ದು ಇಂಗ್ಲಿಷರ ಆಡಳಿತ ಅನ್ನುವುದನ್ನೂ ನೆನಪಿಡಬೇಕು. ಹೊಡೆಯುವ ಹಕ್ಕು ನಮ್ಮ ಸಂಸ್ಕೃತಿ ಅಂತ ಎದೆ ತಟ್ಟಿಕೊಳ್ಳುವವರು ಅದನ್ನು ಕಾಪಾಡುವ ಸಾಲು ಎಲ್ಲಿಂದ ಬಂತು ಅಂತ ಒಮ್ಮೆ ನೋಡಲಿ.

ನನಗೆ ಬೇಕಾದ ಕಾನೂನು ಇಷ್ಟೇ. 27ನೇ ಸೆಕ್ಷನ್ ಮಗುವಿನ ಚಿಕಿತ್ಸೆಯಂಥ ವಿಷಯಕ್ಕೆ ಬೇಕಾಗುತ್ತದೆ, ಅದು ಇರಲಿ. ಬುದ್ಧಿ ಕಲಿಸುವ ಹೆಸರಿನ ಏಟಿಗೆ ಅದು ಅನ್ವಯಿಸಲ್ಲ ಅಂತ ಒಂದು ಸಾಲು ಸೇರಿಸಲಿ. ಬೇರೆ ಕಡೆ, ಮಗುವನ್ನು ಹೊಡೆಯದೆ ಬೆಳೆಸಬೇಕು ಅಂತ ನೇರವಾಗಿ ಬರೆಯಲಿ. ಸಣ್ಣ ಏಟಿಗೆ ಎಫ್‌ಐಆರ್ ಬೇಡ, ಯಾರಾದರೂ ಮನೆಗೆ ಬಂದು ಕೂತು ಮಾತಾಡಲಿ. ಅದಕ್ಕೆ ಜನ ಬೇಕು, ಸಂಬಳ ಬೇಕು. ಇಡೀ ಜಿಲ್ಲೆಗೆ ಒಂದು ಮಕ್ಕಳ ರಕ್ಷಣಾ ಘಟಕ ಇಟ್ಟುಕೊಂಡು ಇದನ್ನು ಮಾಡಲು ಆಗುವುದಿಲ್ಲ. ದುಡ್ಡು ಇಡದೆ ಕಾನೂನು ಮಾತ್ರ ತಂದರೆ ಅದು ಮತ್ತೆ ಠಾಣೆಯ ಕೈಗೇ ಹೋಗುತ್ತದೆ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಹೇಳುವ ಜಾಗಗಳು ಮಾತ್ರ ನಮ್ಮಲ್ಲಿ ಬೇಕಾದಷ್ಟಿವೆ. ಬಸುರಿ ಆದ ಕೂಡಲೇ ತಾಯಿ ಕಾರ್ಡ್ ಕೊಡುತ್ತಾರೆ. ಅದರಲ್ಲಿ ಯಾವ ಚುಚ್ಚುಮದ್ದು ಯಾವಾಗ ಅಂತ ಇರುತ್ತದೆ. ಅಲ್ಲೇ ಒಂದು ಸಾಲು ಸೇರಿಸಬಹುದು. ಆಶಾ ಅಕ್ಕ ಮನೆಗೆ ಬರುತ್ತಾಳೆ. ಅಂಗನವಾಡಿ ಇದೆ. ಇನ್ನು ನಮ್ಮ ಜಿಲ್ಲೆಯ ಊರೂರಿನಲ್ಲೂ ಹಾಲಿನ ಡೈರಿ ಇದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನ ಅರ್ಧ ಜನ ಕ್ಯಾನ್ ಹಿಡಿದು ಅಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ. ಪೇಟೆಯಲ್ಲಿ ನಂದಿನಿ ಪ್ಯಾಕೆಟ್ ಇಲ್ಲದ ಮನೆ ಇಲ್ಲ. ಸ್ವೀಡನ್ ಹಾಲಿನ ಪೊಟ್ಟಣದ ಮೇಲೆ ಬರೆದದ್ದನ್ನು ನಾವು ಬರೆಯಲಾರೆವೇ?

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಪೋಷಕರ ಸಭೆಯಲ್ಲಿ ಅದೇ ಬರುತ್ತದೆ. "ಹೊಡೀಬೇಡಿ ಅಂದ್ರಿ, ಆಯ್ತು. ಹಾಗಾದ್ರೆ ಏನು ಮಾಡ್ಬೇಕು ಹೇಳಿ." ಇದು ವಾದಕ್ಕಾಗಿ ಕೇಳುವ ಪ್ರಶ್ನೆ ಅಲ್ಲ. ಅವರಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಲ್ಲ. ನಾನು ಈಗ ಸಭೆಯಲ್ಲಿ ಮೊದಲು ಕೇಳುವುದು, ನೀವು ಹೊಡೆಯುವುದು ದಿನದ ಯಾವ ಹೊತ್ತಿನಲ್ಲಿ ಅಂತ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬರು ಶುರು ಮಾಡುತ್ತಾರೆ. ಸಂಜೆ ಡೈರಿಗೆ ಹಾಲು ಹಾಕಿ ಬಂದು ಒಲೆ ಹಚ್ಚುವ ಹೊತ್ತು. ಬೆಳಿಗ್ಗೆ ಶಾಲೆಗೆ ಹೊರಡಿಸುವ ಹೊತ್ತು. ಗಂಡ ಕುಡಿದು ಬಂದ ರಾತ್ರಿ. ಹೊತ್ತು ಗೊತ್ತಾದರೆ ಅರ್ಧ ಕೆಲಸ ಆದಂತೆ. ಸಂಜೆಯ ಆ ಒಂದು ಗಂಟೆ ಮಗುವನ್ನು ಅಜ್ಜಿಯ ಹತ್ತಿರ, ಇಲ್ಲವೇ ಪಕ್ಕದ ಮನೆಯ ಮಕ್ಕಳ ಜೊತೆ ಹೋಂವರ್ಕ್‌ಗೆ ಕಳಿಸಬಹುದು. ಹುಳು ಹಣ್ಣಾಗುವ ವಾರ ಬರುತ್ತಿದೆ, ನಮಗೆ ಸಿಟ್ಟು ಬೇಗ ಬರುತ್ತೆ ಅಂತ ಮಗುವಿಗೆ ಮೊದಲೇ ಹೇಳಬಹುದು. ಏಳು ವರ್ಷದ ಮಗುವಿಗೂ ಅದು ಅರ್ಥ ಆಗುತ್ತದೆ. ನಾನು ನೋಡಿದ್ದೇನೆ.

ಬಲೆ ಬಾಗಿಲಿಗೆ ದಿನಾ ಏಟು ತಿನ್ನುತ್ತಿದ್ದ ಹುಡುಗನ ಅಪ್ಪ ಒಬ್ಬರಿದ್ದಾರೆ. ಸಭೆ ಆದ ಮೇಲೆ ನನ್ನ ಹತ್ತಿರ ಬಂದು ಬಹಳ ಹೊತ್ತು ಮಾತಾಡಿದರು. ಹುಳು ಹಾಳಾದರೆ ಎಷ್ಟು ನಷ್ಟ ಅಂತ ಲೆಕ್ಕ ಹೇಳಿದರು. ನಾನು ಹೂಂ ಅಂದೆ, ಆ ನಷ್ಟ ಸುಳ್ಳಲ್ಲವಲ್ಲ. ಹುಡುಗ ಮರೆಯುವುದನ್ನು ಏಟು ನಿಲ್ಲಿಸಿದೆಯಾ ಅಂತ ಮಾತ್ರ ಕೇಳಿದೆ. ಇಲ್ಲ ಅಂದರು. ಮುಂದಿನ ಬೆಳೆಗೆ ಅವರು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಒಂದು ತುದಿ ಚೌಕಟ್ಟಿಗೆ, ಇನ್ನೊಂದು ತುದಿ ಬಾಗಿಲಿಗೆ ಮೊಳೆ ಹೊಡೆದರು. ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಂಥ ಉಪಾಯ ಎಲ್ಲಾ ತಪ್ಪುಗಳಿಗೂ ಸಿಗುವುದಿಲ್ಲ. ಸುಳ್ಳು ಹೇಳುವ ಮಗುವಿಗೆ, ತಂಗಿಗೆ ಹೊಡೆಯುವ ಮಗುವಿಗೆ, ದುಡ್ಡು ಕದಿಯುವ ಮಗುವಿಗೆ ಹೆಚ್ಚು ತಾಳ್ಮೆ ಬೇಕು, ಕೆಲವು ಸಲ ತಜ್ಞರ ಸಹಾಯವೂ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಕೂತು ಮಾತಾಡುವವರೊಬ್ಬರು ಇದ್ದರೆ ನಾನು ಈಗಲೇ ಕಳಿಸಬೇಕಾದ ಮಕ್ಕಳ ಹೆಸರು ಹೇಳಬಲ್ಲೆ.

ಮುಂದಿನ ಮಕ್ಕಳ ಗ್ರಾಮಸಭೆಗೆ ನಮ್ಮ ಮಕ್ಕಳು ಈ ಸಲ ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತಿದ್ದಾರೆ. ಮನೆಯ ಏಟಿನ ಪ್ರಶ್ನೆಯನ್ನು ಮೂವರು ಬರೆದಿದ್ದಾರೆ. ಪಂಚಾಯಿತಿಗೆ ಬರಲಿ ಬಿಡಲಿ, ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಬೇಕು ಅಂತ ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಮೊದಲೇ ಪತ್ರ ಕೊಟ್ಟಿದ್ದೇವೆ.